ಮನೆಯವರ ಹಳೆ ಬಟ್ಟೆಯಿಂದ ಒಂದು ಕೌದಿ: ಕೈಹೊಲಿಗೆಯಲ್ಲಿ, ಮೊದಲಿನಿಂದ ಕೊನೆಯವರೆಗೆ

ಹಾಕಿಕೊಳ್ಳಲು ಬರುವುದಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ. ಅಂಥ ಬಟ್ಟೆಯ ಗಂಟು ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಮೊದಲ ಫ್ರಾಕು, ಮೊಣಕಾಲು ಸವೆದ ಪ್ಯಾಂಟು. ಅವನ್ನೆಲ್ಲ ಸೇರಿಸಿ, ಕಾಲ ಮೇಲೆ ಹೊದ್ದು ಕೂರುವಷ್ಟು ದೊಡ್ಡದಾದ ಕೌದಿ ಹೊಲಿಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಮೆಷಿನ್ ಬೇಡ. ಒಂದೇ ಒಂದು ಹೊಲಿಗೆ ಬಂದರೆ ಸಾಕು. ಸೂಜಿ ಕೆಳಗಿಳಿದು ಮೇಲೆ ಬಂದು ಸಾಲಾಗಿ ಮುಂದೆ ಹೋಗುವ ರನ್ನಿಂಗ್ ಹೊಲಿಗೆ, ಅಷ್ಟೇ.

ಬಂಗಾಳದ ಕಾಂತಾ, ಜಪಾನಿನ ಸಾಶಿಕೊ, ಸಿಂಧ್ ಕಡೆಯ ರಲ್ಲಿ, ಉತ್ತರ ಕರ್ನಾಟಕದ ಕೌದಿ, ಎಲ್ಲದರ ಬುನಾದಿಯೂ ಈ ಹೊಲಿಗೆಯೇ. ಬಟ್ಟೆ ಸುಲಭಕ್ಕೆ ಸಿಗದ ಕಾಲದಲ್ಲಿ, ಇದ್ದ ಬಟ್ಟೆಯನ್ನೇ ಪದರ ಪದರವಾಗಿ ಹೊಲಿದು ಬೆಚ್ಚಗೆ ಮಾಡಿಕೊಂಡವರ ಕೆಲಸ ಅದು. ಇಲ್ಲಿ ತುಂಡು ಜೋಡಿಸುವ ಕ್ರಮವನ್ನು ಉತ್ತರ ಕನ್ನಡದ ಸಿದ್ದಿ ಹೆಂಗಸರಿಂದ ತೆಗೆದುಕೊಂಡಿದ್ದೇನೆ. ಹೊಲಿಗೆಯ ಹದ ಸಾಶಿಕೊದ್ದು. ದಾರದ ಒಂದು ಉಪಾಯ ಕಾಂತಾದ್ದು.

ಬಟ್ಟೆ ಆರಿಸುವುದು

ಇಡೀ ಕೆಲಸದಲ್ಲಿ ನಿಧಾನವಾಗಿ ಮಾಡಬೇಕಾದದ್ದು ಇದೊಂದೇ. ಹೊಲಿಗೆ ಸೊಟ್ಟಗಾದರೆ ಬಿಚ್ಚಬಹುದು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ.

ಮೊದಲು ಮನೆಯವರನ್ನು ಕೇಳಿ. ನಿಮಗೆ ಹಳೆ ಅಂಗಿ ಅನ್ನಿಸಿದ್ದು ತಮ್ಮನಿಗೋ ಅತ್ತೆಗೋ ಬೇರೇನೋ ಆಗಿರಬಹುದು. ಕತ್ತರಿಸುವ ಮುಂಚೆ ಪ್ರತಿ ಉಡುಪನ್ನೂ ಹರಡಿ ಫೋಟೋ ತೆಗೆದಿಡಿ. ಯಾರದ್ದು, ಯಾವಾಗಿನದ್ದು ಅಂತ ಒಂದು ಪುಸ್ತಕದಲ್ಲಿ ಬರೆದು, ಪಕ್ಕದಲ್ಲೇ ಆ ಬಟ್ಟೆಯ ಚೂರನ್ನು ಪಿನ್ ಮಾಡಿ. ಹತ್ತು ವರ್ಷ ಕಳೆದ ಮೇಲೆ ಈ ಹೂವಿನ ತುಂಡು ಯಾರ ಸೀರೆಯದ್ದು ಅಂತ ಮಕ್ಕಳು ಕೇಳಿದರೆ ಉತ್ತರ ಇರಬೇಕಲ್ವಾ?

ಇನ್ನು ಬಟ್ಟೆಗೆ ಎಷ್ಟು ಜೀವ ಉಳಿದಿದೆ ಅಂತ ನೋಡಬೇಕು. ಬೆಳಕಿಗೆ ಹಿಡಿಯಿರಿ. ತೆಳ್ಳಗಾದ ಜಾಗ ತಾನಾಗಿ ಕಾಣುತ್ತದೆ. ಎರಡು ಹೆಬ್ಬೆರಳ ನಡುವೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಸ್ವಲ್ಪ ಬಿಗಿಯಾಗಿ ಎಳೆಯಿರಿ. ಸರ್ರನೆ ಬಿಟ್ಟುಕೊಂಡರೆ ಅದನ್ನು ಮೇಲಿನ ತುಂಡಾಗಿ ಬಳಸಬೇಡಿ. ಒಳಗಿನ ಪದರಕ್ಕೆ ಹಾಕಿ. ಅಲ್ಲಿ ಅದಕ್ಕೆ ಎಳೆತ ಇರುವುದಿಲ್ಲ, ಮೆತ್ತಗಿನ ಗುಣ ಮಾತ್ರ ಸಿಗುತ್ತದೆ.

ಹಳೆ ರೇಷ್ಮೆಯ ವಿಷಯದಲ್ಲಿ ಎಚ್ಚರ ಬೇಕು. ಮಡಿಕೆ ಇದ್ದ ಜಾಗದಲ್ಲೇ ಅದು ಸೀಳುತ್ತದೆ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲ ಭಾಗದಲ್ಲಿ ಎಷ್ಟೋ ರೇಷ್ಮೆಗೆ ತೂಕ ಬರಲಿ ಅಂತ ತವರದ ಲವಣಗಳನ್ನು ಸೇರಿಸುತ್ತಿದ್ದರು. ಅಂಥ ರೇಷ್ಮೆ ಸುಮ್ನೆ ಇಟ್ಟಲ್ಲೇ ಚೂರಾಗುತ್ತದೆ. ಬಿಡಲು ಮನಸ್ಸಿಲ್ಲದಿದ್ದರೆ, ಹಿಂದೆ ತೆಳು ಹತ್ತಿ ಬಟ್ಟೆ, ಮೇಲೆ ಅದೇ ಬಣ್ಣದ ನೆಟ್ ಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯಿರಿ. ನೆಟ್ ದೂರಕ್ಕೆ ಕಾಣುವುದಿಲ್ಲ.

ಹತ್ತಿಗೂ ಪಾಲಿಯೆಸ್ಟರ್‌ಗೂ ಗೊಂದಲವಾದರೆ ನಾಲ್ಕು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಒಂದೇ ಕೌದಿಗೆ ಹಾಕಬಹುದು, ತಪ್ಪಿಲ್ಲ. ಇಸ್ತ್ರಿ ಮಾಡುವಾಗ ಮಾತ್ರ ಯಾವುದು ಯಾವುದು ಅಂತ ಗೊತ್ತಿರಬೇಕು.

ಟೀ ಶರ್ಟ್ ಹಿಗ್ಗುತ್ತದೆ. ಅದರ ಹಿಂದೆ ಕಾಲರ್‌ಗೆ ಹಾಕುವಂಥ ತೆಳು ಫ್ಯೂಸಿಂಗ್ ಇಟ್ಟು ಇಸ್ತ್ರಿಯಲ್ಲಿ ಅಂಟಿಸಿಕೊಳ್ಳಿ. ಆಮೇಲೆ ಮಾಮೂಲಿ ಬಟ್ಟೆಯ ಹಾಗೇ ಮಾತು ಕೇಳುತ್ತದೆ.

ಕೊನೆಯದಾಗಿ ಬಣ್ಣ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಒತ್ತಿ ಅರ್ಧ ಗಂಟೆ ಬಿಡಿ. ಬಿಳಿಗೆ ಬಣ್ಣ ಹತ್ತಿದರೆ ಬಿಡುವುದು ನಿಲ್ಲುವವರೆಗೆ ಬೇರೆಯಾಗಿ ಒಗೆಯಿರಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ. ಇವತ್ತಿನ ರಾಸಾಯನಿಕ ಬಣ್ಣಗಳಿಗೆ ಅದನ್ನು ನಂಬಬೇಡಿ. ನಾಲ್ಕಾರು ಸಲ ಒಗೆದರೂ ನಿಲ್ಲದ ಬಟ್ಟೆಯನ್ನು ಕೌದಿಗೆ ಹಾಕಲೇಬಾರದು. ಒಂದು ಕೆಂಪು ತುಂಡು ಇಡೀ ಕೌದಿಗೆ ಬಳಿಯುತ್ತದೆ. ಉಳಿದವನ್ನೂ ಒಮ್ಮೆ ಒಗೆದು ಒಣಗಿಸಿ, ಇಸ್ತ್ರಿ ಹಾಕಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಿಬಿಡಲಿ.

ಸವೆದದ್ದನ್ನು ಮುಚ್ಚಬೇಡಿ

ಕತ್ತರಿಸುವಾಗ ನಾವೆಲ್ಲ ಚೆನ್ನಾಗಿರುವ ಭಾಗವನ್ನೇ ಹುಡುಕುತ್ತೇವೆ. ನನ್ನ ಮಾತು ಕೇಳುವುದಾದರೆ, ಉಟ್ಟು ಸವೆದ ಭಾಗವನ್ನೂ ಬಿಡಬೇಡಿ. ಗಟ್ಟಿಯಾಗಿದ್ದರೆ ಸಾಕು.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ. ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಊರು. ಅಲ್ಲಿನ ಹೆಂಗಸರು ಕೆಲಸದ ಬಟ್ಟೆ ಹರಿದು ಕೌದಿ ಹೊಲಿದರು. ಮಿಸೌರಿ ಪೆಟ್‌ವೇ ಅನ್ನುವವರು 1942ರಲ್ಲಿ, ತೀರಿಕೊಂಡ ಗಂಡನ ಹೊಲದ ಬಟ್ಟೆಗಳನ್ನೇ ಸೇರಿಸಿ ಒಂದು ಕೌದಿ ಮಾಡಿದರು. ಆ ಊರಿನ ಕೆಲಸದ ಬಟ್ಟೆಯ ಕೌದಿಗಳನ್ನು ಹತ್ತಿರದಿಂದ ನೋಡಿದರೆ, ಬಿಸಿಲಿಗೆ ಮಾಸಿದ ಡೆನಿಮ್‌ನ ನಡುವೆ ಅಲ್ಲಲ್ಲಿ ಕಡುನೀಲಿಯ ಚೌಕ ಕಾಣುತ್ತದೆ. ಅಲ್ಲಿ ಜೇಬು ಇತ್ತು. ಜೇಬು ಬಿಚ್ಚಿದಾಗ ಬಿಸಿಲು ಮುಟ್ಟದ ಬಣ್ಣ ಹೊರಗೆ ಬಂತು. 2002ರಲ್ಲಿ ಈ ಊರಿನ ಕೌದಿಗಳು ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದವು.

ಆದ್ದರಿಂದ ಜೇಬು, ಗುಂಡಿ ಪಟ್ಟಿ, ಮಾಸಿದ ಮೊಣಕಾಲು, ಉದ್ದ ಮಾಡಲು ಬಿಚ್ಚಿದ ಲಂಗದ ಅಂಚಿನ ಗೆರೆ, ಯಾರೋ ಹಿಂದೆ ಹಾಕಿದ ತೇಪೆ, ಇವೆಲ್ಲ ಇರಲಿ. ಅಂಗಿಯ ಜೇಬನ್ನು ಬಿಚ್ಚದೆ ಜೇಬಾಗಿಯೇ ಉಳಿಸಿಕೊಂಡರೆ ಮಕ್ಕಳು ಅದರಲ್ಲಿ ಏನಾದರೂ ಬಚ್ಚಿಡುತ್ತಾರೆ. ತುಂಬಾ ಪುಟ್ಟ ಮಗುವಿಗೆ ಹೊದಿಸುವುದಾದರೆ ಗುಂಡಿ ಮಾತ್ರ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಅಪಾಯ.

ಅಳತೆ, ದಾರ, ಸೂಜಿ

ಮುಗಿದ ಕೌದಿ 40 ಇಂಚು ಅಗಲ, 52 ಇಂಚು ಉದ್ದ ಇರಲಿ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ. ಮಡಿಲಲ್ಲಿ ಭಾರವಾಗಿ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಕೆಳಗಿನ ಬಟ್ಟೆ ಗಟ್ಟಿಯಾದ, ನೇಯ್ಗೆ ತುಂಬಾ ಬಿಗಿಯಿಲ್ಲದ ಹತ್ತಿಯದ್ದಾಗಿರಲಿ. ಇದು 44 ಇಂಚು ಅಗಲ, 56 ಇಂಚು ಉದ್ದ. ಒಳಗಿನ ಪದರಕ್ಕೆ ಹಳೆ ಹತ್ತಿ ಸೀರೆಯನ್ನೋ ಹೊದಿಕೆಯನ್ನೋ 40ಕ್ಕೆ 52ರ ಅಳತೆಗೆ ಕತ್ತರಿಸಿಕೊಳ್ಳಿ. ಒಂದು ಪದರ ಸಾಕು, ತೆಳುವಾಗಿದ್ದರೆ ಎರಡು. ಅದಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ದಾಟುವುದಿಲ್ಲ, ಬೆರಳು ನೋಯುತ್ತದೆ.

ಸಾಲಿಗೂ ಸಾಲಿಗೂ ಅರ್ಧ ಇಂಚು ಬಿಟ್ಟರೆ ಈ ಅಳತೆಯ ಕೌದಿಗೆ ಸುಮಾರು 105 ಮೀಟರ್ ಉದ್ದದ ಹೊಲಿಗೆ ಬೀಳುತ್ತದೆ. ಪದರದ ಒಳಗೂ ಹೊರಗೂ ಓಡಾಡುವುದರಿಂದ ದಾರ ಅದರ ಒಂದೂವರೆ ಪಟ್ಟು ಬೇಕು. 160 ಮೀಟರ್ ಇಟ್ಟುಕೊಳ್ಳಿ. ಆರೆಳೆಯ ಕಸೂತಿ ದಾರವಾದರೆ ಬಿಡಿಸಿ ಮೂರೆಳೆ ಬಳಸಿ. 8 ಮೀಟರ್‌ನ ಲಡಿಯಿಂದ 16 ಮೀಟರ್ ಸಿಗುತ್ತದೆ, ಹತ್ತು ಲಡಿ ಸಾಕಾಗುತ್ತದೆ. ಒಂದೇ ಬಣ್ಣದಲ್ಲಿ ಹೊಲಿದರೆ ಎಷ್ಟೇ ಬಗೆಯ ಬಟ್ಟೆ ಇದ್ದರೂ ಕೌದಿ ಒಂದಾಗಿ ಕಾಣುತ್ತದೆ. ಹೀಗಾಗಿ ಮೊದಲ ಕೌದಿಗೆ ಬಿಳಿ ಅಥವಾ ಕೆನೆ ಬಣ್ಣ ಹಿಡಿದುಕೊಳ್ಳಿ.

ಕಾಂತಾ ಹೊಲಿಯುವವರು ಹಿಂದೆ ಹಳೆ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಕಿತ್ತು, ಅದನ್ನೇ ದಾರ ಮಾಡಿಕೊಳ್ಳುತ್ತಿದ್ದರು. ನೀವೂ ಮಾಡಿ ನೋಡಬಹುದು. ಅಂಚನ್ನು ಅಡ್ಡಕ್ಕೆ ಕತ್ತರಿಸಿ, ಸೂಜಿ ಮೊನೆಯಿಂದ ಉದ್ದದ ಎಳೆಯ ತುದಿ ಎತ್ತಿ ಮೆಲ್ಲಗೆ ಎಳೆಯಬೇಕು. ಎರಡು ಮೂರು ಎಳೆ ಸೇರಿಸಿ ಹೊಸೆದು, ಜಗ್ಗಿ ನೋಡಿ. ಪಟ್ಟಂತ ತುಂಡಾದರೆ ಬಿಡಿ. ತಡೆದುಕೊಂಡರೆ ಕನಿಷ್ಠ ನಡುವಿನ ತುಂಡನ್ನಾದರೂ ಆ ದಾರದಲ್ಲಿ ಹೊಲಿಯಿರಿ.

ಸೂಜಿ ಚೂಪಾಗಿ, ಉದ್ದ ಕಣ್ಣಿನದ್ದಾಗಿರಲಿ. ದಾರವನ್ನು 20 ಇಂಚಿಗಿಂತ ಉದ್ದ ಪೋಣಿಸಬೇಡಿ, ಸಿಕ್ಕಾಗುತ್ತದೆ, ಬಟ್ಟೆಗೆ ಉಜ್ಜಿ ಸವೆಯುತ್ತದೆ. ಸೂಜಿ ತಳ್ಳಲು ನಡುಬೆರಳಿಗೆ ಅಂಗುಸ್ತಾನ, ಅಂದರೆ ಬೆರಳ ತುದಿಗೆ ಹಾಕುವ ಪುಟ್ಟ ಟೋಪಿ, ಬೇಕೇ ಬೇಕು. ಗೆರೆ ಎಳೆಯಲು ಒಣಗಿದ ಸೋಪಿನ ಚೂರು ಸೀಮೆಸುಣ್ಣಕ್ಕಿಂತ ಚೆನ್ನ.

ಹಾಸಿ, ಕಚ್ಚಾ ಹಾಕುವುದು

ಕೆಳಗಿನ ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಬಿಗಿಯಾಗಿ ಎಳೆಯಬೇಡಿ, ಸುಕ್ಕು ಹೋದರೆ ಸಾಕು. ಒಳಪದರವನ್ನು ನಡುವೆ ಇಡಿ. ಸುತ್ತಲೂ ಎರಡೆರಡು ಇಂಚು ಬಟ್ಟೆ ಉಳಿಯುತ್ತದೆ. ಈಗ ನಡುವಿನಿಂದ ಶುರು ಮಾಡಿ ಹೊರಗಿನ ಕಡೆಗೆ, ಕೊನೆಗೆ ಕಿತ್ತು ತೆಗೆಯುವಂಥ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಸಾಲಿಗೂ ಸಾಲಿಗೂ ಒಂದು ಗೇಣು ಬಿಟ್ಟರೆ ಸಾಕು. ಪಿನ್ ಹಾಕಿದರೆ ಬೇಗ ಆಗುತ್ತದೆ, ನಿಜ. ಆದರೆ ವಾರಗಟ್ಟಲೆ ಮಡಿಲಲ್ಲಿ ಹೊರಳುವ ಬಟ್ಟೆಗೆ ಕಚ್ಚಾ ಹೊಲಿಗೆಯೇ ಸರಿ. ಚುಚ್ಚುವುದೂ ಇಲ್ಲ, ಜಾರುವುದೂ ಇಲ್ಲ.

ಸುತ್ತ ಉಳಿದ ಎರಡು ಇಂಚನ್ನು ಮೊದಲು ಅರ್ಧಕ್ಕೆ ಮಡಚಿ, ಮತ್ತೆ ಒಳಪದರದ ಮೇಲೆ ಮಡಚಿ. ಒಂದಿಂಚಿನ ಚೊಕ್ಕ ಅಂಚು ಸಿಗುತ್ತದೆ. ಮೂಲೆಯಲ್ಲಿ ಬಟ್ಟೆ ಗುಪ್ಪೆಯಾಗದಂತೆ ತುದಿಯನ್ನು ಓರೆಯಾಗಿ ಸ್ವಲ್ಪ ಕತ್ತರಿಸಿಕೊಳ್ಳಿ. ಇದನ್ನು ಇಸ್ತ್ರಿಯಲ್ಲಿ ಒತ್ತಿಡಿ. ಹೊಲಿಯುವುದು ಈಗಲೇ ಬೇಡ.

ಅಂಚಿನಿಂದ ನಡುವಿಗೆ

ಪುಸ್ತಕ, ವಿಡಿಯೋಗಳಲ್ಲಿ ಸಾಮಾನ್ಯವಾಗಿ ಮೊದಲು ಅಳೆದು ಒಂದೇ ಅಳತೆಯ ಚೌಕ ಕತ್ತರಿಸಿ, ಅವನ್ನು ಕೂಡಿಸಿ ಮೇಲ್ಪದರ ಮಾಡಿ, ಆಮೇಲೆ ಪದರಗಳನ್ನು ಸೇರಿಸಿ ಹೊಲಿಯಲು ಹೇಳುತ್ತಾರೆ. ಹಳೆ ಬಟ್ಟೆಗೆ ಈ ಕ್ರಮ ಅಷ್ಟು ಹೊಂದುವುದಿಲ್ಲ. ತೋಳಿನ ತುಂಡು ಒಂದು ಆಕಾರ, ಕಾಲರ್ ಪಕ್ಕದ್ದು ಇನ್ನೊಂದು. ಚೌಕ ಮಾಡಲು ಹೋದರೆ ಅರ್ಧ ಬಟ್ಟೆ ಕಸಕ್ಕೆ ಹೋಗುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಬೇರೆ ದಾರಿ ಹಿಡಿಯುತ್ತಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರು ಕೌದಿಯನ್ನು ಹೊರ ಅಂಚಿನಿಂದ ಶುರು ಮಾಡುತ್ತಾರೆ. ಒಂದು ತುಂಡು ಇಡುವುದು, ಅಂಚು ಮಡಚಿ ಹೊಲಿಯುವುದು, ಪಕ್ಕದಲ್ಲಿ ಇನ್ನೊಂದು. ಹೀಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡು ಕೂಡಿಸುವುದೂ ಪದರ ಸೇರಿಸುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಯಾವ ಆಕಾರದ ತುಂಡಾದರೂ ನಡೆಯುತ್ತದೆ.

ಮೊದಲ ಸುತ್ತಿಗೆ ನಾಲ್ಕರಿಂದ ಆರಿಂಚು ಅಗಲದ ತುಂಡುಗಳನ್ನು ತೆಗೆದುಕೊಳ್ಳಿ. ಅವುಗಳ ಹೊರ ತುದಿಯನ್ನು ನೀವು ಮಡಚಿಟ್ಟ ಅಂಚಿನ ಕೆಳಗೆ ಅರ್ಧ ಇಂಚು ತೂರಿಸಿ. ಮೇಲೆ ಅಂಚು ಮುಚ್ಚುವುದರಿಂದ ಆ ಬದಿಯನ್ನು ಮಡಚಬೇಕಿಲ್ಲ. ಪಕ್ಕದ ತುಂಡಿನ ಒಂದು ಬದಿಯನ್ನು ಅರ್ಧ ಇಂಚು ಒಳಗೆ ಮಡಚಿ, ಮೊದಲ ತುಂಡಿನ ಮೇಲೆ ಅರ್ಧ ಇಂಚು ಹತ್ತಿಸಿ ಇಡಿ. ನಾಲ್ಕೈದು ತುಂಡು ಹೀಗೆ ಜೋಡಿಸಿ ಪಿನ್ ಹಾಕಿ, ಅಂಚಿನ ಮಡಿಕೆಗೆ ತೀರಾ ಹತ್ತಿರದಲ್ಲಿ ಎಲ್ಲ ಪದರ ಸೇರಿಸಿ ಹೊಲಿಯುತ್ತಾ ಸುತ್ತು ಹಾಕಿ. ನಂತರದ ಸಾಲು ಅರ್ಧ ಇಂಚು ಒಳಗೆ. ತುಂಡಿಗೂ ತುಂಡಿಗೂ ಕೂಡುವ ಮಡಿಕೆಯ ಮೇಲೂ ಒಂದೊಂದು ಗಿಡ್ಡ ಸಾಲು ಹಾಕಿಬಿಡಿ.

ಎರಡನೇ ಸುತ್ತಿನ ತುಂಡುಗಳ ಹೊರಬದಿಯನ್ನು ಮಡಚಿ, ಮೊದಲ ಸುತ್ತಿನ ಬಿಚ್ಚು ತುದಿಯನ್ನು ಅರ್ಧ ಇಂಚು ಮುಚ್ಚುವಂತೆ ಇಡಿ. ಒಳಬದಿ ಹಾಗೇ ಇರಲಿ, ಅದನ್ನು ಮುಂದಿನ ಸುತ್ತು ಮುಚ್ಚುತ್ತದೆ. ಇಷ್ಟೇ ನಿಯಮ: ಹೊರಬದಿ ಮತ್ತು ಒಂದು ಪಕ್ಕ ಮಡಚುವುದು, ಒಳಬದಿ ಬಿಡುವುದು. ಕೊನೆಗೆ ನಡುವಲ್ಲಿ ಉಳಿಯುವ ಜಾಗಕ್ಕೆ ಎಲ್ಲ ಬದಿ ಮಡಚಿದ ಒಂದು ತುಂಡು. ಆ ಜಾಗಕ್ಕೆ ಯಾರ ಬಟ್ಟೆ ಅಂತ ಮೊದಲೇ ತೀರ್ಮಾನ ಮಾಡಿ ತೆಗೆದಿಟ್ಟುಕೊಳ್ಳಿ. ಕೆಲಸದ ಭರದಲ್ಲಿ ಅದು ಅಂಚಿಗೆ ಹೋಗಿಬಿಡುತ್ತದೆ.

ಹೊರಗಿನಿಂದ ಒಳಗೆ ಬರುವಾಗ ನಡುವಲ್ಲಿ ಬಟ್ಟೆ ಉಬ್ಬುವ ಅಪಾಯ ಇದೆ. ಅದಕ್ಕೇ ಮೊದಲು ಅಷ್ಟು ಕಚ್ಚಾ ಹೊಲಿಗೆ ಹಾಕಿದ್ದು. ಪ್ರತಿ ಸುತ್ತು ಮುಗಿದ ಮೇಲೆ ಕೌದಿಯನ್ನು ನೆಲಕ್ಕೆ ಹಾಸಿ, ಅಂಗೈಯಿಂದ ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ಬೆರಳಿನಷ್ಟು ಉಬ್ಬು ಕಂಡರೆ ಅಲ್ಲಿಯ ಕಚ್ಚಾ ಬಿಚ್ಚಿ, ಉಬ್ಬನ್ನು ಸುತ್ತಲೂ ಹಂಚಿ ಮತ್ತೆ ಕಚ್ಚಾ ಹಾಕಿ. ತುಂಬಾ ಉಬ್ಬಿದ್ದರೆ ಒಂದು ಸಣ್ಣ ನೆರಿಗೆ ಹಿಡಿದು ಮುಂದಿನ ತುಂಡಿನ ಕೆಳಗೆ ಮಲಗಿಸಿ.

ಮೂಲೆಗಳಿಗೆ ಸಿದ್ದಿ ಹೆಂಗಸರು ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಡುತ್ತಾರೆ. ಫುಲಾ ಅಂತಾರೆ. ಅದಿಲ್ಲದ ಕೌದಿ ಬೆತ್ತಲೆ ಅಂತ ಅವರ ಮಾತು. ತ್ರಿಕೋನ ಮಾಡುವ ಒಂದು ಸುಲಭ ರೀತಿ ಹೀಗೆ: ನಾಲ್ಕಿಂಚಿನ ಚೌಕವನ್ನು ಅರ್ಧಕ್ಕೆ ಮಡಚಿ, ಮಡಿಕೆ ಮೇಲೆ ಬರಲಿ. ಮೇಲಿನ ಎರಡೂ ಮೂಲೆಗಳನ್ನು ಕೆಳ ಅಂಚಿನ ನಡುವಿಗೆ ಇಳಿಸಿ. ತ್ರಿಕೋನ ಆಯಿತು, ಬಿಚ್ಚು ತುದಿಗಳೆಲ್ಲ ತಳದಲ್ಲಿರುತ್ತವೆ. ಮೊದಲ ಸುತ್ತು ಹೊಲಿಯುವಾಗಲೇ ತಳವನ್ನು ಮೂಲೆಯ ಅಂಚಿನೊಳಗೆ ತೂರಿಸಿ, ಮೊನೆ ಹೊರಗೆ ಚಾಚುವಂತೆ ಗಟ್ಟಿಯಾಗಿ ಹೊಲಿಯಿರಿ.

ಹೊಲಿಗೆಯ ಹದ

ಸಾಶಿಕೊದಲ್ಲಿ ಮೇಲೆ ಕಾಣುವ ಹೊಲಿಗೆ ಒಂದು ಅಕ್ಕಿಕಾಳಿನಂತಿರಬೇಕು ಅಂತಾರೆ. ಮೇಲಿನ ಹೊಲಿಗೆ ಮೂರು ಪಾಲು ಉದ್ದವಾದರೆ, ನಡುವಿನ ಖಾಲಿ ಜಾಗ ಎರಡು ಪಾಲು. ಇಂಚಿಗೆ ಐದು ಹೊಲಿಗೆ ಬಂದರೆ ನಮ್ಮ ಕೌದಿಗೆ ಸರಿಯಾಗುತ್ತದೆ. ಕಣ್ಣಿಗೆ ಹಿಡಿಸುವುದು ಸಣ್ಣ ಹೊಲಿಗೆಯಲ್ಲ, ಒಂದೇ ಸಮ ಇರುವ ಹೊಲಿಗೆ. ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ, ಕೊನೆಯವರೆಗೂ ಅದೇ ಅಳತೆ ಹಿಡಿಯಿರಿ.

ಒಂದೊಂದೇ ಹೊಲಿಗೆ ಎಳೆಯಬೇಡಿ. ಸೂಜಿಯನ್ನು ಆದಷ್ಟು ಅಲುಗಿಸದೆ ಹಿಡಿದು, ಎಡಗೈಯಿಂದ ಬಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಮೂರು ನಾಲ್ಕು ಹೊಲಿಗೆಯನ್ನು ಸೂಜಿಯ ಮೇಲೆ ತುಂಬಿಕೊಳ್ಳಿ. ಆಮೇಲೆ ಅಂಗುಸ್ತಾನದಿಂದ ತಳ್ಳಿ ಒಟ್ಟಿಗೆ ಎಳೆಯಿರಿ. ಎಳೆದ ತಕ್ಷಣ ಹೆಬ್ಬೆರಳು ತೋರುಬೆರಳ ನಡುವೆ ಆ ಸಾಲನ್ನು ಹಿಡಿದು ಬಟ್ಟೆಯನ್ನು ಉದ್ದಕ್ಕೆ ಸವರಿ. ದಾರ ಸಡಿಲವಾಗಿ ಕೂರುತ್ತದೆ, ಸುಕ್ಕು ಬಿಡುತ್ತದೆ. ಸಾಶಿಕೊ ಹೊಲಿಯುವವರು ಪ್ರತಿ ಎಳೆತಕ್ಕೂ ಇದನ್ನು ಮಾಡುತ್ತಾರೆ. ಸಾಲು ತಿರುಗುವ ಮೂಲೆಯಲ್ಲಿ ಹಿಂದುಗಡೆ ದಾರವನ್ನು ಕೊಂಚ ಸಡಿಲ ಬಿಡುವುದೂ ಅವರದೇ ಪಾಠ. ಒಗೆದಾಗ ಮೂಲೆ ಮುದುಡುವುದಿಲ್ಲ.

ಕಾಂತಾದ ಮೈ ಅಲೆ ಅಲೆಯಾಗಿ ಇರುತ್ತದಲ್ಲ, ಅದು ಹತ್ತಿರ ಹತ್ತಿರದ ಸಾಲು ಮತ್ತು ಕೊಂಚ ಬಿಗಿಯಾದ ದಾರದಿಂದ ಬರುವುದು. ನಿಮಗೆ ಆ ಮೈ ಬೇಕಿದ್ದರೆ ಸಾಲುಗಳನ್ನು ಕಾಲು ಇಂಚಿಗೆ ತನ್ನಿ, ದಾರವನ್ನು ಎರಡು ಪಟ್ಟು ಇಟ್ಟುಕೊಳ್ಳಿ. ಆದರೆ ಇಡೀ ಕೌದಿಗೆ ಒಂದೇ ಹದ ಇರಲಿ. ಅರ್ಧ ಬಿಗಿ ಅರ್ಧ ಸಡಿಲವಾದರೆ ಕೌದಿ ಸೊಟ್ಟಗಾಗುತ್ತದೆ.

ಗಂಟು ಹೊರಗೆ ಕಾಣಬಾರದು. ದಾರದ ತುದಿಗೆ ಸಣ್ಣ ಗಂಟು ಹಾಕಿ, ಶುರು ಮಾಡುವ ಜಾಗದಿಂದ ಒಂದಿಂಚು ಹಿಂದೆ ಮೇಲಿನ ಬಟ್ಟೆಗೆ ಮಾತ್ರ ಸೂಜಿ ಇಳಿಸಿ, ಬೇಕಾದ ಜಾಗದಲ್ಲಿ ಹೊರತೆಗೆಯಿರಿ. ಮೆಲ್ಲಗೆ ಜಗ್ಗಿದರೆ ಗಂಟು ಪುಟ್ಟಂತ ಒಳಗೆ ಹೋಗಿ ಕೂರುತ್ತದೆ. ಮುಗಿಸುವಾಗ ಒಂದೇ ಜಾಗದಲ್ಲಿ ಎರಡು ಪುಟ್ಟ ಹೊಲಿಗೆ ಹಾಕಿ, ಪದರಗಳ ನಡುವೆ ಒಂದಿಂಚು ದಾರ ಓಡಿಸಿ ಕತ್ತರಿಸಿ.

ಬೇರೆಯವರ ಕಲೆಯಿಂದ ತೆಗೆದುಕೊಳ್ಳುವಾಗ

ಸಾದಾ ಬಣ್ಣದ ತುಂಡುಗಳ ಮೇಲೆ ಬೇರೆ ಬೇರೆ ಕಡೆಯ ಕಸುಬನ್ನು ಕಲಿತು ಹೊಲಿಯಬಹುದು. ಸಾಶಿಕೊದ ಕೂಡುಗುರುತಿನ (+) ಚಿತ್ತಾರ ಸುಲಭ. ಹೊಲಿಗೆಯೂ ಬಿಡುವ ಜಾಗವೂ ಸಮ ಇರುವಂತೆ ಅಡ್ಡ ಸಾಲುಗಳನ್ನು ಹಾಕಿ, ಆಮೇಲೆ ಪ್ರತಿ ಹೊಲಿಗೆಯ ನಡುವನ್ನು ದಾಟುವಂತೆ ಉದ್ದ ಸಾಲು ಹಾಕಿದರೆ ಆಯಿತು. ಮನೆಯ ಕತೆ ಹೇಳಬೇಕು ಅನ್ನಿಸಿದರೆ ಚಿಲಿಯ ಅರ್ಪಿಯೆರಾ ನೋಡಿ. 1973ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಹೆಂಗಸರು ಗೋಣಿ ಬಟ್ಟೆಯ ಮೇಲೆ ಚೂರು ಬಟ್ಟೆ ಕೂರಿಸಿ, ಕಾಣೆಯಾದ ತಮ್ಮವರ ಬಗ್ಗೆ ಚಿತ್ರ ಹೊಲಿದರು. ಮನೆ, ಮರ, ನಿಂತ ಮನುಷ್ಯರು, ಎಲ್ಲ ನಾಲ್ಕಾರು ತುಂಡಿನಲ್ಲಿ. ಚಿತ್ರ ಬಿಡಿಸಲು ಬಾರದವರೂ ಆ ರೀತಿಯಲ್ಲಿ ಕತೆ ಹೇಳಬಹುದು.

ಹೊಲಿಯುವ ವಿಧಾನ ಕಲಿಯುವುದಕ್ಕೂ ಒಂದು ಜನರ ಗುರುತಾದ ಚಿತ್ರವನ್ನು ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಪನಾಮಾದ ಗುನಾ ಹೆಂಗಸರು ಬಣ್ಣದ ಪದರಗಳನ್ನು ಕತ್ತರಿಸಿ ಕೆಳಗಿನ ಬಣ್ಣ ಕಾಣುವಂತೆ ಮೋಲಾ ಹೊಲಿಯುತ್ತಾರೆ. ಅದರ ನಕಲು ಮಾರುಕಟ್ಟೆಗೆ ಬಂದು ಅವರ ದುಡಿಮೆಗೆ ಪೆಟ್ಟು ಬಿತ್ತು. 2000ದಲ್ಲಿ ಪನಾಮಾ, ಮೂಲನಿವಾಸಿಗಳ ಇಂಥ ಕಲೆಯ ಮೇಲೆ ಆ ಸಮುದಾಯಗಳಿಗೇ ಹಕ್ಕು ಕೊಡುವ ಕಾನೂನು ತಂದಿತು. ಪದರ ಕತ್ತರಿಸುವ ವಿಧಾನವನ್ನು ಕಲಿಯಿರಿ, ಅದರಲ್ಲಿ ನಿಮ್ಮ ಮನೆಯ ಚಿತ್ರ ಮಾಡಿ. ಯಾರಿಗಾದರೂ ತೋರಿಸುವಾಗ ಎಲ್ಲಿಂದ ಕಲಿತದ್ದು ಅಂತ ಹೆಸರು ಹೇಳಿ. ಮಾರುವ ಯೋಚನೆ ಇದ್ದರಂತೂ ಬೇರೆಯವರ ಗುರುತಿನ ಚಿತ್ರಗಳನ್ನು ಮುಟ್ಟಬೇಡಿ.

ಹೆಸರು ಪಟ್ಟಿ, ಒಗೆಯುವುದು, ಇಡುವುದು

ಕಚ್ಚಾ ದಾರ ಕಿತ್ತ ಮೇಲೆ, ಹಿಂಬದಿಯ ಒಂದು ಮೂಲೆಗೆ ಬಿಳಿ ಹತ್ತಿಯ ಪಟ್ಟಿ ಕೂರಿಸಿ. ಹೊಲಿದವರ ಹೆಸರು, ವರ್ಷ, ಯಾರ ಯಾರ ಬಟ್ಟೆ ಇದೆ ಅನ್ನುವುದು ಅದರಲ್ಲಿರಲಿ. ಮಾಮೂಲಿ ಪೆನ್ನಿನಲ್ಲಿ ಬರೆದರೆ ಒಗೆತದಲ್ಲಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಅದರ ಮೇಲೆ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಒಂದು ಹೊಲಿಗೆ ಹಿಂದೆ ಬಂದು ಮುಂದೆ ಹೋಗುವ ಹೊಲಿಗೆ, ಹಾಕಿ.

ತಣ್ಣೀರು, ಮೃದು ಸೋಪು. ತೊಟ್ಟಿಯಲ್ಲಿ ಅದ್ದಿ ಒತ್ತಿ ಒಗೆಯಿರಿ, ಹಿಂಡಬೇಡಿ. ಒದ್ದೆ ಕೌದಿ ತುಂಬಾ ಭಾರ. ಒಂದು ತುದಿ ಹಿಡಿದು ಎತ್ತಿದರೆ ಹೊಲಿಗೆ ಹರಿಯುತ್ತದೆ. ಕೆಳಗೆ ಎರಡೂ ಕೈ ಕೊಟ್ಟು ಎತ್ತಿ, ದೊಡ್ಡ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಹರಡಿ ಒಣಗಿಸಿ. ಮಡಚಿ ಇಡುವುದಾದರೆ ಆಗಾಗ ಮಡಿಕೆಯ ಜಾಗ ಬದಲಿಸುತ್ತಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ತೇವ ಸಿಕ್ಕಿಕೊಂಡು ಬೂಸ್ಟು ಬರುತ್ತದೆ.

ಹಳೆ ಬಟ್ಟೆಯಾದ್ದರಿಂದ ಕೆಲವು ತುಂಡು ಬೇಗ ಹರಿಯುತ್ತವೆ. ಹರಿದದ್ದನ್ನು ಕಿತ್ತು ತೆಗೆಯಬೇಡಿ. ಅದಕ್ಕಿಂತ ಪ್ರತಿ ಬದಿಗೂ ಅರ್ಧ ಇಂಚು ದೊಡ್ಡದಾದ ತುಂಡನ್ನು ಎಲ್ಲ ಬದಿ ಮಡಚಿ ಮೇಲೆ ಕೂರಿಸಿ, ಪಕ್ಕದ ಸಾಲುಗಳನ್ನೇ ಮುಂದುವರಿಸಿ ಹೊಲಿಯಿರಿ. ಇದಕ್ಕಾಗಿ ಪ್ರತಿ ಉಡುಪಿನ ಒಂದೆರಡು ತುಂಡನ್ನು ಮೊದಲೇ ಎತ್ತಿಟ್ಟಿರಬೇಕು. ಹಳೆಯ ತುಂಡು ಕೆಳಗೆ ಉಳಿದುಕೊಂಡಿರುತ್ತದೆ. ಪಟ್ಟಿಯ ಮೇಲೆ ತೇಪೆ ಹಾಕಿದ ವರ್ಷವನ್ನೂ ಸೇರಿಸಿ.